ಸ್ಪೇನ್ ಮಾಸ್ತರರ ಮೂರನೇ ಕತ್ತಿ

ಮೊನ್ನೆ ನಮ್ಮ ಬೀದಿಗೆ ಸಾಣೆ ಹಿಡಿಯುವವನು ಬಂದಿದ್ದ. ಚಕ್ರಕ್ಕೆ ಕುಡುಗೋಲು ತಾಗಿದ್ದೇ ತಡ, ಕಾದ ಕಬ್ಬಿಣದ ವಾಸನೆ ಒಳಗೆ ನುಗ್ಗಿತು. ನಾನು ಎದ್ದು ಬಾಗಿಲು ಹಾಕಿಕೊಂಡೆ...

ನಿಜಾಮರ ಆಳ್ವಿಕೆಯ ಕೊನೆಯ ವರ್ಷ ಅದು. ಗಲಾಟೆಯಿಂದಾಗಿ ಹೈದರಾಬಾದಿನ ಕಾಲೇಜು ಬಿಟ್ಟು ನಾನು ಮಾನ್ವಿಗೆ ಮರಳಿದ್ದೆ. ಪಕ್ಕದ ಮನೆಯ ಮಾಸ್ತರರು ರಾಯಚೂರಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ರಜೆಗೆ ತಾಯಿಯ ಬಳಿ ಬರುತ್ತಿದ್ದರು. ಹಳೆಯ ಕಾಲದ ಸ್ಪೇನ್ ದಂಡನಾಯಕರ ಕತ್ತಿಗಳ ನಕಲು ಕೂಡಿಸುವುದು ಅವರ ಹುಚ್ಚು. ಪಡಸಾಲೆಯ ಗೋಡೆಯಲ್ಲಿ ಅಂಥವು ಮೂರು ತೂಗುತ್ತಿದ್ದವು. ಎರಡು ಮುಂಬಯಿಯಿಂದ ತಂದ ಹಿತ್ತಾಳೆಯವು. ಮೂರನೆಯದನ್ನು ಪುಸ್ತಕದ ಚಿತ್ರ ತೋರಿಸಿ, ಗಾಡಿ ಗಾಲಿಯ ಹಳೆಯ ಪಟ್ಟಿಯಿಂದ, ದೇವದುರ್ಗದ ಕಮ್ಮಾರನ ಕೈಲಿ ಮಾಡಿಸಿದ್ದರು. ಹಿಡಿಕೆಯ ಸುತ್ತ ಬಳ್ಳಿಯಂಥ ಸುರುಳಿಗಳು... ಅಲಗು ಮಾತ್ರ ಮೊಂಡು.

"ಇದರಿಂದ ಬದನಿಕಾಯಿನೂ ಹೆಚ್ಚಾಕ ಬರಂಗಿಲ್ಲ ತಮ್ಮಾ," ಎಂದು ನಗುತ್ತಿದ್ದರು. ಓಣಿಯವರು ಅವರನ್ನು ಸ್ಪೇನ್ ಮಾಸ್ತರ ಎನ್ನುತ್ತಿದ್ದರು.

ಖಂಡೇನವಮಿಗೆ ಎರಡು ದಿನ ಮೊದಲು, ಆಯುಧಪೂಜೆಗೆಂದು ನಮ್ಮ ಮನೆಯ ಕುಡುಗೋಲು ಕೊಡಲಿಗಳನ್ನು ಕುಲುಮೆಗೆ ಒಯ್ಯುತ್ತಿದ್ದೆ. ಮಾಸ್ತರರು ಇನ್ನೂ ಬಂದಿರಲಿಲ್ಲ. ಅವರ ತಾಯಿ ಆ ಕಬ್ಬಿಣದ ಕತ್ತಿಯನ್ನು ತಂದು ಕೈಗಿತ್ತರು.

"ಹಿತ್ತಾಳಿವು ಇರ್ಲಿ. ಇದಕ್ಕ ಸಾಣಿ ಹಿಡಿಸ್ಕೊಂಡ್ ಬಾ ಯಪ್ಪಾ. ಮೊಂಡ ಕಬ್ಬಿಣಕ್ಕ ಪೂಜಿ ಸಲ್ಲಂಗಿಲ್ಲ."

"ಯಾವ ಯುದ್ಧಕ್ಕ ಹೊಂಟೀ ಯವ್ವಾ?"

"ನಿನ್ನ ನಾಲಿಗಿಗೇನೂ ಸಾಣಿ ಬ್ಯಾಡ ಬಿಡು. ಹೋಗು!"

ಅದು ನನಗೂ ತಮಾಷೆಯೇ ಆಗಿತ್ತು. ಹರಿತ ಮಾಡಿಸಿ ತಂದೆ. ಆಕೆ ವಿಭೂತಿ, ಕುಂಕುಮ ಹಚ್ಚಿ ಮೊದಲಿನ ಜಾಗದಲ್ಲೇ ತೂಗುಹಾಕಿದರು. ಹಬ್ಬಕ್ಕೆ ಬಂದ ಮಾಸ್ತರರಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹಬ್ಬ ಮುಗಿದ ಮೂರನೇ ದಿನ ಮಧ್ಯಾಹ್ನ, ಮನೆಮನೆಯಲ್ಲಿ ಹತ್ಯಾರ, ಅಂದರೆ ಆಯುಧ, ಹುಡುಕುವ ನಿಜಾಮರ ಕಡೆಯವರು ಓಣಿಗೆ ಬಂದರು. ಹತ್ಯಾರ ಸಿಕ್ಕ ಮನೆಯ ಗಂಡಸರನ್ನು ಒಯ್ಯುತ್ತಾರೆ, ತಿರುಗಿ ಬಿಡುವುದಿಲ್ಲ ಎಂದು ಊರೆಲ್ಲ ಮಾತು. ಮಾಸ್ತರರು ತಾಯಿಯನ್ನು ಹಿತ್ತಲಿಗೆ ಕಳಿಸಿದರು. ಅವರ ಜೊತೆ ಹರಟುತ್ತಿದ್ದ ನಾನು ಪಡಸಾಲೆಯಲ್ಲೇ ಸಿಕ್ಕಿಬಿದ್ದೆ.

"ಶೋಕಿ ಸಾಮಾನು ಸಾಹೇಬ್ರ. ಹರಿತ ಇಲ್ಲ," ಎಂದರು ಮಾಸ್ತರರು.

ಬಂದವರ ಮುಖಂಡ ಕುಂಕುಮ ನೋಡುತ್ತ ಮೂರನೆಯದನ್ನೇ ಕೆಳಗಿಳಿಸಿದ. "ಶೋಕಿ ಸಾಮಾನಿಗೆ ಪೂಜಿ ಬ್ಯಾರೆ! ಅಂಗೈ ಮ್ಯಾಲ ಎಳದ್ ತೋರಸ್ರಿ, ನೋಡೂನು."

ಮಾಸ್ತರರು ನಗುತ್ತಲೇ ಕತ್ತಿ ತೆಗೆದುಕೊಂಡರು. ನಾನು ಕೂಗಬೇಕಿತ್ತು... ಕೂಗಿದರೆ ಹತ್ಯಾರವೆಂದು ಒಪ್ಪಿದಂತೆ. ಸಾಣೆ ಹಿಡಿಸಿದವನು ಯಾರು ಎಂದೂ ಕೇಳುತ್ತಾರೆ. ಒಂದು ಹೆಜ್ಜೆ ಹಿಂದೆ ಸರಿದೆ.

ಎಳೆದರು. ನಗು ಮುಖದ ಮೇಲೆ ಹಾಗೇ ನಿಂತಿತು. ಥಟ್ಟನೆ ಮುಷ್ಟಿ ಬಿಗಿದು, "ನೋಡ್ರಿ, ಗೀರೂ ಇಲ್ಲ," ಎಂದರು. ಹಿತ್ತಲ ಬಾಗಿಲತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದರು. ಅವರಿಗೆ ಎಲ್ಲ ತಿಳಿದುಹೋಗಿತ್ತು.

"ಮುಷ್ಟಿ ಬಿಚ್ಚರಿ."

ಬಿಚ್ಚಲಿಲ್ಲ. ಬೆರಳ ಸಂದಿಯಿಂದ ರಕ್ತ ತೊಟ್ಟಿಕ್ಕಿತು.

"ಸಾಣಿ ಹಿಡಿಸಿದಾಂವ ಯಾಂವ?"

"ನಾನ," ಎಂದರು ಮಾಸ್ತರರು.

ಅವರನ್ನು ಒಯ್ದ ಮೇಲೆ, ತಾಯಿ ಒಳಗೆ ಬರುವಷ್ಟರಲ್ಲಿ, ನೆಲದ ರಕ್ತ ಒರೆಸಿದೆ. ರಾಯಚೂರಿನ ಜೈಲಿನಲ್ಲಿ ಆ ಗಾಯ ನಂಜೇರಿತಂತೆ. ತಿಂಗಳೊಳಗೆ ಅವರು ತೀರಿಕೊಂಡ ಸುದ್ದಿ ಬಂತು. ಜ್ವರದಿಂದ ಹೋದರೆಂದು ತಾಯಿಗೆ ಹೇಳಿದೆವು.

"ನಾ ಸಾಣಿ ಹಿಡಿಸಿದ್ದಕ್ಕ ಏನರ ಆತೇನಪ್ಪಾ?" ಎಂದು ಆಕೆ ಒಮ್ಮೆ ಕೇಳಿದರು.

"ಇಲ್ಲವ್ವಾ. ಅವರು ಅಲಗು ಮುಟ್ಟಿನೂ ನೋಡಲಿಲ್ಲ," ಎಂದೆ.

ಅದು ಆಕೆಗಾಗಿ ಹೇಳಿದ ಸುಳ್ಳೆಂದು ಬಹಳ ವರ್ಷ ನಂಬಿದ್ದೆ. ಈಗ ಆಕೆಯ ಅಂದಿನ ವಯಸ್ಸನ್ನೂ ದಾಟಿದ್ದೇನೆ. ಮಾಸ್ತರರು ಅಂದು ಆಡಿದ 'ನಾನ' ಎಂಬ ಆ ಒಂದು ಮಾತು ನನ್ನದಾಗಬೇಕಿತ್ತು. ಇಂದು ಆಡಿದರೆ, ಕೇಳಬೇಕಾದ ಇಬ್ಬರೂ ಇಲ್ಲ.