ಅಕ್ಕೋರು ತಿದ್ದಿದ ಹನ್ನೊಂದು ದಿನ

ಅಕ್ಕೋರ ಬಲಗೈಯ ಬೆರಳ ತುದಿಗಳಲ್ಲಿ ಚರ್ಮ ನಿಲ್ಲುತ್ತಿರಲಿಲ್ಲ. ಸೀಮೆಸುಣ್ಣ ಅವರ ಮೈಗೆ ಆಗುತ್ತಿರಲಿಲ್ಲವಂತೆ. ಸುಲಿದು ಕೆಂಪಾಗಿ, ಬೇಸಿಗೆಯಲ್ಲಿ ಒಡೆದು ರಕ್ತ ಜಿನುಗುತ್ತಿದ್ದ ಆ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಹಳೆ ಸೀರೆಯ ಚೂರಿನಲ್ಲಿ ಸೀಮೆಸುಣ್ಣ ಹಿಡಿದು ಬೀಜಗಣಿತ ಬರೆಯುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ನಮ್ಮಲ್ಲಿ ಮೂವರು ಅಕ್ಕೋರಿದ್ದರೂ, ಬರೀ ಅಕ್ಕೋರು ಅಂದರೆ ಗಣಿತದವರೇ.

ಕಾರವಾರಕ್ಕೂ ಅಂಕೋಲೆಗೂ ನಡುವೆ ಹೆದ್ದಾರಿಗೆ ತಾಗಿಕೊಂಡಿದ್ದ ಹೈಸ್ಕೂಲು ಅದು. ದೊಡ್ಡ ಲಾರಿ ಹೋದರೆ ಮಾತು ಕೇಳುತ್ತಿರಲಿಲ್ಲ. ಅಕ್ಕೋರು ಅರ್ಧದಲ್ಲೇ ನಿಲ್ಲಿಸಿ, ಲಾರಿ ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ನಮಗೆ ಎರಡೂ ಒಂದೇ. ಲಾರಿಯೂ ತಿಳಿಯುತ್ತಿರಲಿಲ್ಲ, ಲೆಕ್ಕವೂ ತಿಳಿಯುತ್ತಿರಲಿಲ್ಲ.

ಸೋಮವಾರ ಬಂತೆಂದರೆ ನನಗೆ ಹೊಟ್ಟೆನೋವು. ನಾಟಕವಲ್ಲ, ಹೊಕ್ಕುಳ ಸುತ್ತ ನಿಜವಾಗಿಯೂ ಹಿಂಡುತ್ತಿತ್ತು. ಆಯಿ ಮೊದಮೊದಲು ಓಮಿನ ಕಷಾಯ ಕೊಟ್ಟಳು, ಆಮೇಲೆ ಬೈದಳು, ಕೊನೆಗೆ ಸುಮ್ಮನಾದಳು. ಅಪ್ಪ ಅರ್ಗಾದ ನೌಕಾನೆಲೆಯೊಳಗೆ ಗುತ್ತಿಗೆಯ ಮೇಲೆ ಹುಲ್ಲು ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದ. “ನನ್ ಸಂಗ್ತಿ ಹುಲ್ಲು ಕೊಯ್ಯೂಕೆ ಬಿಎ ಮಾಡ್ದವ ಒಬ್ಬ ಬತ್ತ. ಅವಂಗೂ ಅದೇ ಗೇಟ್ ಪಾಸು, ನಂಗೂ ಅದೇ ಗೇಟ್ ಪಾಸು,” ಎನ್ನುತ್ತಿದ್ದ. ತಮಾಷೆಗೆ ಹೇಳುತ್ತಿದ್ದನೇನೋ. ನಾನು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡೆ.

ಹತ್ತನೇ ತರಗತಿಯ ಮಳೆಗಾಲದಲ್ಲಿ ಒಂದು ದಿನ ಅಕ್ಕೋರು ಪುಸ್ತಕ ಮುಚ್ಚಿಟ್ಟು ಕೇಳಿದರು: “ಶಾಲೆಗೆ ಬರೂಕೆ ಖುಷಿ ಯಾರಿಗದೆ? ಖರೇ ಹೇಳಿ, ಬೈಯೂದಿಲ್ಲ.”

ಒಬ್ಬರೂ ಕೈ ಎತ್ತಲಿಲ್ಲ. ಮುಂದಿನ ಬೆಂಚಿನ ಜಾಣರೂ ಎತ್ತಲಿಲ್ಲ. ಅಕ್ಕೋರು ನಮ್ಮನ್ನೆಲ್ಲ ಒಂದು ಸುತ್ತು ನೋಡಿ, “ನಂಗೂ ಇಲ್ಲ ಮಕ್ಳೇ,” ಅಂದರು. ಯಾರೂ ನಗಲಿಲ್ಲ. ಮುಂದೆ ಏನಾಗುತ್ತೀರಿ ಎಂದು ಕೇಳಿದಾಗ ಹುಡುಗರೆಲ್ಲ ಸಾಲಾಗಿ “ನೇವಿ, ನೇವಿ” ಎಂದರು. ನನ್ನ ಪಕ್ಕದ ಸುಮಿತ್ರಾ ಮಾತ್ರ “ನರ್ಸು” ಎಂದಳು. ನನ್ನ ಸರದಿ ಬಂದಾಗ ನನಗೆ ಏನೂ ತೋಚಲಿಲ್ಲ. “ಗೊತ್ತಿಲ್ಲ ಅಕ್ಕೋರೆ,” ಎಂದೆ. “ಇವ್ಳೊಬ್ಳು ಸುಳ್ಳು ಹೇಳ್ಲಿಲ್ಲ,” ಎಂದರು. ಹೊಗಳಿದರೋ ಮರುಗಿದರೋ ಗೊತ್ತಾಗಲಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನೂ ಸುಮಿತ್ರಾಳೂ ಗಣಿತ, ವಿಜ್ಞಾನ ಎರಡರಲ್ಲೂ ಬಿದ್ದೆವು. ಅದಾಗಿ ಸ್ವಲ್ಪ ದಿನಕ್ಕೆ ಹೆಡ್‌ಮಾಸ್ತರು ಇಬ್ಬರನ್ನೂ ಕರೆದು, ಹಾಜರಿ ಸಾಲದು, ಈ ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದರು. ನಮ್ಮ ಕ್ಲಾಸಿನ ಹಾಜರಿ ಪುಸ್ತಕ ಅಕ್ಕೋರದ್ದೇ. ಅವರು ಅಲ್ಲೇ ಕಪಾಟಿಗೆ ಮುಖ ಮಾಡಿ ನಿಂತಿದ್ದರು, ತಿರುಗಲಿಲ್ಲ.

ತಪ್ಪೆಲ್ಲ ನನ್ನ ಹೊಟ್ಟೆನೋವಿನದೇ ಎಂದುಕೊಂಡೆ. ಎಷ್ಟು ಸೋಮವಾರ ಮಲಗಿದ್ದೆನೋ ಅಷ್ಟನ್ನೂ ಎಣಿಸಿ ನನ್ನನ್ನೇ ಶಪಿಸಿಕೊಂಡೆ. ಗೆಳತಿಯರು ಪರೀಕ್ಷೆಗೆ ಹೋಗುವ ಬಸ್ಸು ನಮ್ಮ ಮನೆ ಮುಂದೆಯೇ ಹಾದುಹೋಗುತ್ತಿತ್ತು. ಆ ಹೊತ್ತಿಗೆ ನಾನು ಹಿತ್ತಲಿನ ಬಾವಿಯ ಹಿಂದೆ ಹೋಗಿ ಕೂರುತ್ತಿದ್ದೆ. ಮನೆಯಲ್ಲಿ ಯಾರೂ ಬೈಯಲಿಲ್ಲ. ಅದೇ ಹೆಚ್ಚು ನೋಯಿಸುತ್ತಿತ್ತು. ಸುಮಿತ್ರಾಳನ್ನು ಅವಳ ಮಾವ ಗೋವಾಕ್ಕೆ ಕರೆದುಕೊಂಡು ಹೋಗಿ ಮಡಗಾವಿನ ಒಂದು ಮನೆಗೆ ಕೆಲಸಕ್ಕೆ ಬಿಟ್ಟ. ಅತ್ತ ನಮ್ಮ ಶಾಲೆಯ ಫಲಿತಾಂಶ ನೂರಕ್ಕೆ ನೂರು ಬಂತು. ಹೆಡ್‌ಮಾಸ್ತರಿಗೆ ಶಾಲು ಹೊದೆಸಿದರು.

ಅದಾಗಿ ಒಂದು ವಾರಕ್ಕೆ ಅಕ್ಕೋರು ನಮ್ಮ ಮನೆಗೆ ಬಂದರು. ಆಯಿ ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಗಿಸುತ್ತಿದ್ದಳು. ಎದ್ದು ಚಾಪೆ ಹಾಸಲು ಹೋದಳು. ಅಕ್ಕೋರು ಬೇಡವೆಂದು ನಿಂತೇ ಇದ್ದರು.

“ಇವ್ಳ ಹೊಟ್ಟೆನೋವಿಂದಲ್ಲ,” ಎಂದರು ಆಯಿಗೆ. “ಹಾಜರಿ ಸಾಕಷ್ಟಿತ್ತು. ಹನ್ನೊಂದು ದಿನ ನಾನೇ ತಿದ್ದಿ ಗೈರು ಮಾಡಿದೆ. ಇವ್ಳು ಶಾಲೆಗೆ ಬಂದ ದಿನ ಅವು. ಸುಮಿತ್ರಾಂದೂ ಹಾಂಗೇ. ನಪಾಸಾಗೋರು ಬೇಡ ಹೇಳಿ ಹೆಡ್‌ಮಾಸ್ತರು ಹೇಳಿದ್ರು. ತಿದ್ದಿದ ಕೈ ನಂದು.”

ಆಯಿ ಕೈಗಂಟಿದ್ದ ಮುರುಗಲ ರಸವನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, “ಎಂತಕೆ ಅಕ್ಕೋರೆ?” ಎಂದಳು.

“ಹೆದ್ರಿದೆ.”

ಅಷ್ಟೇ ಹೇಳಿದರು. ಗಂಡ ಲಕ್ವಾ ಹೊಡೆದು ಅಂಕೋಲೆಯ ಮನೆಯಲ್ಲಿ ಮಲಗಿದ್ದಾರೆ, ಮಾತು ಕೇಳದಿದ್ದರೆ ಘಟ್ಟದ ಮೇಲಿನ ಶಾಲೆಗೆ ವರ್ಗ ಮಾಡಿಸುತ್ತೇನೆಂದು ಹೆಡ್‌ಮಾಸ್ತರು ಹೆದರಿಸಿದ್ದರು ಎಂಬುದೆಲ್ಲ ನನಗೆ ಅವರ ನೆರೆಮನೆಯವರಿಂದ ತಿಳಿದದ್ದು, ಎಷ್ಟೋ ತಿಂಗಳ ಮೇಲೆ. ಅವರ ಬಾಯಿಂದ ಒಂದು ದಿನವೂ ಬರಲಿಲ್ಲ.

ಆ ದಿನ ನಾನು ಒಳಗಿಂದಲೇ ಕೂಗಿದೆ, “ಹೋಗೂಕೆ ಹೇಳು ಅವ್ರಿಗೆ!” ಅಕ್ಕೋರು ಹೋದರು. ಮರುದಿನ ಮತ್ತೆ ಬಂದರು. ನಾನು ಹೊರಗೆ ಬರಲಿಲ್ಲ. ಹೀಗೆ ಐದಾರು ಸಲ ಆಯಿತು.

ಅಷ್ಟರಲ್ಲಿ ಅವರು, ಹಾಜರಿ ತಿದ್ದಿದ್ದು ತಾವೇ ಎಂದು ಇಲಾಖೆಗೆ ಬರೆದುಕೊಟ್ಟಿದ್ದರು. ವಿಚಾರಣೆಯಾಯಿತು. ಹೆಡ್‌ಮಾಸ್ತರು ತಮಗೇನೂ ಗೊತ್ತಿಲ್ಲವೆಂದರು. ಅಕ್ಕೋರು ಯಾವುದಕ್ಕೆ ಹೆದರಿದ್ದರೋ ಅದು ಬಂದೇ ಬಂತು, ಜೋಯಿಡಾ ಕಡೆಯ ಒಂದು ಕಾಡಿನ ಶಾಲೆಗೆ ವರ್ಗವಾಯಿತು. ನಮಗೆ ಸಿಕ್ಕಿದ್ದು ಏನೂ ಇಲ್ಲ. ಪರೀಕ್ಷೆ ಮುಗಿದುಹೋಗಿತ್ತು. ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿ ಎಂದರು.

ನನ್ನನ್ನು ಅವರ ಮನೆಗೆ ಎಳೆದುಕೊಂಡು ಹೋದವಳು ಆಯಿ. “ತಪ್ಪು ಮಾಡ್ದವ್ರೇ ಕಲ್ಸಲಿ,” ಎಂದಳು. ವಾರವೆಲ್ಲ ಗಂಡನನ್ನು ನೆರೆಮನೆಯವರಿಗೆ ಒಪ್ಪಿಸಿ ಹೋಗುತ್ತಿದ್ದ ಅಕ್ಕೋರು ಶನಿವಾರ ಸಂಜೆ ಜೋಯಿಡಾದಿಂದ ಬಸ್ಸು ಬದಲಿಸಿ ಅಂಕೋಲೆಗೆ ಇಳಿಯುತ್ತಿದ್ದರು. ಭಾನುವಾರ ಗಂಡನಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ನನ್ನ ಎದುರು ಕೂರುತ್ತಿದ್ದರು. ಎರಡು ತಿಂಗಳು ನಾನು ಮುಖವೆತ್ತಿ ಮಾತಾಡಲಿಲ್ಲ. ಲೆಕ್ಕ ಮಾಡಿ ವಹಿಯನ್ನು ಅವರ ಕಡೆ ನೂಕುತ್ತಿದ್ದೆ, ಅವರು ತಿದ್ದಿ ನನ್ನ ಕಡೆ ನೂಕುತ್ತಿದ್ದರು. ಒಂದು ಭಾನುವಾರ ತಡೆಯಲಾರದೆ ಕೇಳಿಬಿಟ್ಟೆ, “ನಿಮಗೆ ನಿದ್ದೆ ಬತ್ತದಾ ಅಕ್ಕೋರೆ?”

“ಬತ್ತದೆ,” ಎಂದರು. “ಅದೇ ನಾಚ್ಕೆ.”

ಅಂದಿನಿಂದ ನಾನು ಮಾತಾಡತೊಡಗಿದೆ.

ಸುಮಿತ್ರಾಳನ್ನು ಹುಡುಕಿಕೊಂಡು ಅವರು ಎರಡು ಸಲ ಮಡಗಾವಿಗೆ ಹೋದರು. ಮೊದಲ ಸಲ ಆ ಮನೆಯವರು ಒಳಗೆ ಬಿಡಲಿಲ್ಲ. ಎರಡನೆಯ ಸಲ ಸುಮಿತ್ರಾಳೇ ಬಾಗಿಲಿಗೆ ಬಂದು, ಹಾಜರಿ ತಿದ್ದಿದ ಸಂಗತಿಯನ್ನೆಲ್ಲ ಕೇಳಿಸಿಕೊಂಡು, “ನಂಗೆ ಶಾಲೆ ಹೆಸ್ರು ಹೇಳ್ಬೇಡಿ, ನಿಮ್ ಕಾಲಿಗೆ ಬೀಳ್ತೆ,” ಎಂದಳಂತೆ. ಆ ಭಾನುವಾರ ಅಕ್ಕೋರು ಪಾಠ ಮಾಡಲಿಲ್ಲ. ನನ್ನನ್ನು ಬಸ್ ನಿಲ್ದಾಣದವರೆಗೆ ಬಿಡಲು ಬಂದವರು, ಬಸ್ಸು ಹೊರಟ ಮೇಲೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು.

ಗಣಿತದಲ್ಲಿ ನಲವತ್ತೊಂದು ಬಂತು. ಜಾಣೆಯೇನೂ ಆಗಲಿಲ್ಲ, ಪಾಸಾದೆ. ಪಿಯುಸಿ, ಆಮೇಲೆ ಪ್ರಯೋಗಾಲಯದ ಡಿಪ್ಲೊಮಾ. ಈಗ ಕಾರವಾರದ ಒಂದು ಆಸ್ಪತ್ರೆಯಲ್ಲಿ ಜನರ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು ನನ್ನ ಕೆಲಸ.

ಕಳೆದ ವರ್ಷ ಅಕ್ಕೋರು ಅಲ್ಲಿಗೆ ಬಂದರು, ರೋಗಿಯಾಗಿ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ನಿವೃತ್ತಿಗೆ ಇನ್ನೂ ಸಮಯವಿತ್ತು. ತೋಳಿನಲ್ಲಿ ನರ ಸಿಗದಷ್ಟು ಸೊರಗಿದ್ದರು. ಎರಡು ಸಲ ಚುಚ್ಚಬೇಕಾಯಿತು. “ಗಡಿಬಿಡಿ ಮಾಡ್ಬೇಡ, ನಿಧಾನ,” ಎಂದರು. ಲೆಕ್ಕ ಬಿಡಿಸುವಾಗಲೂ ಹಾಗೆಯೇ ಹೇಳುತ್ತಿದ್ದವರು. ಸಂಜೆ ವರದಿ ನನ್ನ ಕಣ್ಣೆದುರೇ ಬಂತು. ಬಿಳಿ ರಕ್ತಕಣಗಳ ಸಂಖ್ಯೆ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು, ಇನ್ನೊಮ್ಮೆ ಪರೀಕ್ಷೆ ಮಾಡಿದೆ, ಅಷ್ಟೇ ಬಂತು. ಅಕ್ಕೋರು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಡಾಕ್ಟರೇ ಹೇಳುತ್ತಾರೆ ಎಂದು ಅವರಿಗೆ ಹೇಳಿ ಕಳಿಸಬಹುದಿತ್ತು.

“ಖರೇ ಹೇಳು,” ಎಂದರು.

“ಸರಿ ಇಲ್ಲ ಅಕ್ಕೋರೆ.”

ತಲೆಯಾಡಿಸಿದರು. “ಸುಮಿತ್ರಾ ಎಲ್ಲಿದ್ದಾಳೆ ಗೊತ್ತುಂಟಾ?” ಎಂದು ಕೇಳಿದರು.

ನಾಲ್ಕೇ ತಿಂಗಳಿಗೆ ತೀರಿಹೋದರು. ಸುದ್ದಿ ಬಂದ ಬೆಳಿಗ್ಗೆಯೇ ಹೇಗೋ ನಂಬರು ಹುಡುಕಿ ಸುಮಿತ್ರಾಳಿಗೆ ಫೋನು ಮಾಡಿದೆ. ಅವಳು ಈಗಲೂ ಗೋವಾದಲ್ಲೇ ಮನೆಕೆಲಸಕ್ಕೆ ಹೋಗುತ್ತಾಳೆ, ಎರಡು ಮಕ್ಕಳು. ಅಕ್ಕೋರು ತೀರಿಕೊಂಡರು, ಕೊನೆಯವರೆಗೂ ನಿನ್ನನ್ನು ಕೇಳುತ್ತಿದ್ದರು ಎಂದೆ. ಅತ್ತಲಿಂದ ಪಾತ್ರೆ ತೊಳೆಯುವ ಸದ್ದು ನಿಂತಿತು.

“ನಿಂಗೆ ಅವ್ರು ಆಮೇಲೆ ಕಲ್ಸಿದ್ರು,” ಎಂದಳು. “ನಂಗೆ ಅವ್ರು ತಿದ್ದಿದ ಆ ಹನ್ನೊಂದು ದಿನ ಅಷ್ಟೇ ಸಿಕ್ಕದ್ದು.”

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಫೋನಿಟ್ಟು ಅಂಕೋಲೆಗೆ ಹೋದೆ. ಅಲ್ಲಿ ಅಂಗಳದಲ್ಲಿ ಮಲಗಿಸಿದ್ದ ಅವರ ಪಾದ ಮುಟ್ಟಿ ನಾನು ಅತ್ತದ್ದೂ ಸುಳ್ಳಲ್ಲ.