ಅಪ್ಪನ ತೊಡೆಯೊಳಗಿನ ಪ್ಲೇಟು

ಎಕ್ಸ್‌ರೇಯಲ್ಲಿ ಪ್ಲೇಟು ಎರಡು ತುಂಡಾಗಿತ್ತು. ಡಾಕ್ಟರು ಹೇಳುವ ಮೊದಲೇ ನನಗೆ ಕಂಡಿತು. ಮೂಳೆ ಮುರಿದ ಜಾಗದ ಎದುರಿಗೆ ಪ್ಲೇಟಿನಲ್ಲಿ ಸ್ಕ್ರೂ ಹಾಕದೆ ಖಾಲಿ ಬಿಟ್ಟ ತೂತಿರುತ್ತದಲ್ಲ, ಸರಿಯಾಗಿ ಅಲ್ಲೇ. ಅಪ್ಪನ ತೊಡೆ ಮೂಳೆಯ ಎರಡು ತುದಿಗಳ ನಡುವೆ ಕಪ್ಪು ಸಂದು ಹಾಗೇ ಉಳಿದಿತ್ತು.

ಮುರಿದ ಮೂಳೆ ಕೂಡಿಸುವ ಅಂಥ ಪ್ಲೇಟು, ಸ್ಕ್ರೂಗಳ ವಿನ್ಯಾಸ ಮಾಡುವುದೇ ನನ್ನ ಕೆಲಸ. ಚಿತ್ರದುರ್ಗದ ಹೊರಗೊಂದು ಸಣ್ಣ ಕಾರ್ಖಾನೆ. ನಮ್ಮ ಹಟ್ಟಿಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಕುರಿ ಕಾಯುವ ಮನೆಯಿಂದ ಎಂಜಿನಿಯರ್ ಆಗುವುದು ಸುಲಭವಿರಲಿಲ್ಲ, ಆದೆ; ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪನಿಗೆ ಹಾಕಿದ್ದು ನಮ್ಮ ಕಾರ್ಖಾನೆಯ ಪ್ಲೇಟಲ್ಲ. ಆದರೂ ಅವನು ನಮ್ಮ ಹಟ್ಟಿ ಹತ್ತಿರದ ಜವನಗೊಂಡನಹಳ್ಳಿಯ ಚಹದಂಗಡಿಯಲ್ಲಿ ಕೂತವರಿಗೆಲ್ಲ, "ನನ್ ಮಗಳೇ ಮಾಡಿದ್ದು, ಮುರಿಯಾದಿಲ್ಲ" ಎಂದಿದ್ದನಂತೆ. ಚಹದಂಗಡಿಗೆ ಹೋಗಿದ್ದು ಹೇಗೆ? ನಡೆದುಕೊಂಡು.

"ಕಾಲೂರಬೇಡ್ರಿ ಅಂತ ಹೇಳಿದ್ನಲ್ಲ ಯಜಮಾನ್ರೇ," ಎಂದರು ಡಾಕ್ಟರು.

ಅಪ್ಪ ನನ್ನ ಕಡೆ ತಿರುಗಿದ. "ಲೇ, ಕುರಿ ಕಾಲು ಮುರಿದ್ರೆ ನಾವೇನ್ ಮಾಡ್ತೀವಿ?"

"ಬಿದಿರು ದಬ್ಬೆ ಕಟ್ತೀವಿ."

"ಆಮೇಲೆ?"

"ಹಿಂಡಿಗೆ ಬಿಡ್ತೀವಿ."

"ಅವತ್ತೇ ಬಿಡ್ತೀವಿ! ಬಿದಿರು ಕಟ್ಟಿದ ಕುರಿ ಮೇಯಾಕೆ ಹೋಗ್ತೈತೆ. ನಂಗೆ ಉಕ್ಕಿನ ದಬ್ಬೆ ಹಾಕ್ಸಿ ಮಲಗು ಅಂತೀಯಲ್ಲ, ನಾಚ್ಕೆ ಆಗಲ್ವಾ?"

"ಅಪ್ಪಾ, ಕುರಿಗೆ ಇನ್ನೂ ಮೂರು ಕಾಲು ಅವೆ."

ಡಾಕ್ಟರು ನಕ್ಕರು. ಅಪ್ಪ ನಗಲಿಲ್ಲ.

ಆಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದರು. "ಶುಗರ್ ಬೇರೆ ಇದೆಯಮ್ಮ. ಸೊಂಟದ ಮೂಳೆ ತೆಗೆದು ಆ ಸಂದಿಗೆ ತುಂಬಿ, ಇನ್ನೊಂದು ಸಲ ಪ್ಲೇಟ್ ಹಾಕ್ತೀನಿ. ಅದೂ ಹೋಗಿ ಕೀವುಗೀವು ಆದ್ರೆ ಕಾಲು ಉಳಿಸೋಕಾಗಲ್ಲ."

"ಇನ್ನೂ ದಪ್ಪದ ಪ್ಲೇಟು ಹಾಕಿದ್ರೆ?"

"ಎಂಜಿನಿಯರ್ ನೀವು. ನೀವೇ ಹೇಳಿ."

ಉತ್ತರ ಗೊತ್ತಿದ್ದೇ ಕೇಳಿದ್ದೆ. ಪ್ಲೇಟು ತೀರಾ ಗಟ್ಟಿಯಾದರೆ ಭಾರವನ್ನೆಲ್ಲ ಅದೇ ಹೊರುತ್ತದೆ, ಮೂಳೆ ಬೆಳೆಯುವುದನ್ನೇ ಮರೆಯುತ್ತದೆ. ಮೆದುವಾದರೆ ಮುರಿಯುತ್ತದೆ. ಕಾರ್ಖಾನೆಯ ಯಂತ್ರದಲ್ಲಿ ಭಾರ ಹೆಚ್ಚಿಸುತ್ತ ಬಾಗಿಸುತ್ತ ಹೋದರೆ ಕೊನೆಗೆ ಎಲ್ಲವೂ ಮುರಿಯುತ್ತವೆ. ಮುರಿಯದ ಪ್ಲೇಟನ್ನು ನಾನಿನ್ನೂ ನೋಡಿಲ್ಲ. ಮೂಳೆ ಕೂಡುವವರೆಗೆ ಅದು ತಾಳಬೇಕು, ಅಷ್ಟೇ. ಇಷ್ಟು ವರ್ಷ ಓದಿ ಗಳಿಸಿದ ವಿದ್ಯೆಯೆಲ್ಲ ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಇಷ್ಟೇ ಆಗಿ ನಿಂತಿತು: ನಮ್ಮಪ್ಪ ಸುಮ್ಮನೆ ಮಲಗಬೇಕು. ಅದಕ್ಕೆ ಯಾವ ವಿನ್ಯಾಸ ಮಾಡಲಿ?

ಎರಡನೇ ಆಪರೇಷನ್ ಆಯಿತು. ನಾನು ರಜೆ ಹಾಕಿ ಊರಿಗೆ ಬಂದು ಕೂತೆ. ಬೆಳಿಗ್ಗೆ ರೊಪ್ಪದಲ್ಲಿ ಕುರಿ ಅರಚಿದರೆ ಸಾಕು, ಅಪ್ಪನ ಕೈ ಕೋಲು ಹುಡುಕುತ್ತಿತ್ತು. ಒಂದು ದಿನ ನೋಡುತ್ತೇನೆ, ಮಂಚದ ಅಂಚಿಗೆ ಬಂದು ಎರಡೂ ಪಾದ ನೆಲಕ್ಕಿಟ್ಟು ಕೂತಿದ್ದಾನೆ.

"ಕರೇ ಕುರಿ ಮರಿ ಹಾಕಾಂಗೈತೆ. ನಿಮ್ಮವ್ವಂಗೆ ಗೊತ್ತಾಗಲ್ಲ."

"ಎದ್ರೆ ಕಾಲು ಕತ್ತರಿಸ್ತಾರಪ್ಪಾ!" ಎಂದು ಕಿರುಚಿದೆ. ಅಕ್ಕಪಕ್ಕದವರು ಓಡಿಬಂದರು.

ಮಾರನೇ ದಿನ ಮಾತ್ರೆಯ ಮಂಪರಿನಲ್ಲಿ ಅವನು ಮಲಗಿದ್ದಾಗ, ಇಡೀ ಹಿಂಡನ್ನು ಲಾರಿಗೆ ಹತ್ತಿಸಿ ಭರಮಸಾಗರದ ಕಡೆಯಿರುವ ದೊಡ್ಡಪ್ಪನ ಹಟ್ಟಿಗೆ ಕಳಿಸಿಬಿಟ್ಟೆ. "ಎಬ್ಸಿ ಒಂದ್ಮಾತು ಕೇಳೇ," ಎಂದಳು ಅವ್ವ. ಕೇಳಲಿಲ್ಲ. ಕೇಳಿದ್ದರೆ ಅವನು ಎದ್ದು ನಿಲ್ಲುತ್ತಿದ್ದ.

ಎಚ್ಚರವಾದಾಗ ಅಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟ. ರೊಪ್ಪದಿಂದ ಸದ್ದೇ ಇಲ್ಲ.

"ಕುರಿ ಎಲ್ಲಿ ಅವೆ?"

"ದೊಡ್ಡಪ್ಪನ ಹತ್ರ."

"ಕಾಲು ಉಳಿಸ್ತೀನಿ ಅಂತೇಳಿ, ನಡೆಯಾಕೆ ಇದ್ದ ಕಾರಣನೇ ಕಳಿಸ್ಬಿಟ್ಟೆ," ಎಂದು ಗೋಡೆಗೆ ಮುಖ ಮಾಡಿದ. ಅವತ್ತಿನಿಂದ ನನ್ನ ಕೈಯಿಂದ ನೀರೂ ಮುಟ್ಟಲಿಲ್ಲ. ಊಟ, ಮಾತ್ರೆ, ಬೆಡ್‌ಪ್ಯಾನು ಎಲ್ಲ ಅವ್ವನದೇ. ನಾನು ಬಾಗಿಲಲ್ಲಿ ಕಾವಲು ಕೂತವಳು. ಮಗಳಲ್ಲ, ಜೈಲು ಕಾಯುವವಳು.

ಮೊನ್ನೆ ಮತ್ತೆ ಎಕ್ಸ್‌ರೇ ತೆಗೆಸಿದೆವು. ಪ್ಲೇಟು ನೆಟ್ಟಗಿತ್ತು, ಸ್ಕ್ರೂಗಳು ಕಚ್ಚಿಕೊಂಡಿದ್ದವು. ಸಂದಿನಲ್ಲಿ ಹೊಗೆಯಂಥ ಏನೋ ಒಂದು. ಅದು ಹೊಸ ಮೂಳೆಯೋ, ಸೊಂಟದಿಂದ ತಂದು ತುಂಬಿದ್ದೋ ನನಗೆ ತಿಳಿಯಲಿಲ್ಲ. "ಈಗಲೇ ಏನೂ ಹೇಳೋಕಾಗಲ್ಲ," ಎಂದರು ಡಾಕ್ಟರು.

ವಾಪಸು ಬರುವಾಗ ಕಾರಿನಲ್ಲಿ ಅಪ್ಪ ಬಾಯಿಬಿಟ್ಟ. "ಕೂಡೈತಾ?"

ಹೂಂ ಅನ್ನಬಹುದಿತ್ತು. ಅಂದರೆ ನಾಳೆಯೇ ಎದ್ದು ನಡೆಯುತ್ತಾನೆ. "ಇಲ್ಲಪ್ಪಾ. ಇನ್ನೂ ಇಲ್ಲ."

ಮನೆ ಮುಂದೆ ಅವನನ್ನು ಇಳಿಸಲು ನಾನು ಕಂಕುಳಿಗೆ ಕೈ ಹಾಕಿದೆ, ಕೊಸರುತ್ತಾನೆಂದುಕೊಂಡಿದ್ದೆ. ಅವನು ಒಳ್ಳೇ ಕಾಲನ್ನು ನೆಲಕ್ಕಿಟ್ಟು, ಪ್ಲೇಟಿನ ಕಾಲನ್ನು ಮಂಡಿಯ ಕೆಳಗೆ ಕೈಯಿಟ್ಟು ತಾನೇ ಎತ್ತಿ ಹಿಡಿದ.

"ಸರಿಯಾಗಿ ಹಿಡ್ಕಳೇ," ಎಂದ, "ಇದು ನೆಲಕ್ಕೆ ತಾಗ್ಬಾರ್ದು."