ಹನ್ನೊಂದರ ನೀರನ್ನು ಆರಕ್ಕೆ ತಂದ ಉಜ್ವಲಾಬಾಯಿ

ಹೆಣ್ಣುಮಕ್ಕಳು ಮೀಸಲು ಕುರ್ಚಿಯಲ್ಲಿ ಕುಳಿತು, ಗಂಡಂದಿರು ಅವರ ಪರವಾಗಿ ಮಾತನಾಡುತ್ತಿದ್ದ ಕಾಲದಲ್ಲಿ, ನಿಪ್ಪಾಣಿ ಸೀಮೆಯಲ್ಲಿ ತಮ್ಮ ಮಾತನ್ನು ತಾವೇ ಆಡಿದ ಮೊದಲಿಗರ ಸಾಲಿಗೆ ಸೇರುವವರು ಶ್ರೀಮತಿ ಉಜ್ವಲಾಬಾಯಿ ಖೋತ. ಬೀಡಿ ಕಟ್ಟುವ ಕೈಯಿಂದಲೇ ಪುರಸಭೆಯ ಠರಾವುಗಳಿಗೆ ಸಹಿ ಹಾಕಿದ ಅವರು, ಎಪ್ಪತ್ತು ತುಂಬಿದ ಈ ವರ್ಷ ಸದಸ್ಯತ್ವದಿಂದ ನಿವೃತ್ತರಾಗಿದ್ದಾರೆ.

ಅವರು ಮೊದಲ ಸಲ ಆರಿಸಿ ಬಂದಾಗ ಅವರ ಓಣಿಗೆ ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಹನ್ನೊಂದಕ್ಕೆ ನಳದ ನೀರು ಬರುತ್ತಿತ್ತು. ಕಟ್ಟಿದ ಬೀಡಿಯನ್ನು ಕಾರಖಾನೆಗೆ ಒಪ್ಪಿಸುವ ಹೊತ್ತೂ ಅದೇ. ತಾಯಂದಿರು ಬುಟ್ಟಿ ಹೊತ್ತು ಹೋದರೆ, ಕೊಡ ತುಂಬಲು ಹೆಣ್ಣುಮಕ್ಕಳು ಶಾಲೆ ತಪ್ಪಿಸಬೇಕಾಗುತ್ತಿತ್ತು. ನೆರೆಮನೆಯ ಹುಸೇನಬಿಯವರ ಮಗಳು ಮುಬೀನಾ ಹಾಗೆ ತಪ್ಪಿಸಿ ತಪ್ಪಿಸಿ ಆರನೆಯ ಇಯತ್ತೆಯಲ್ಲಿ ನಪಾಸಾದಳು. ಇನ್ನು ಅವಳನ್ನು ಶಾಲೆ ಬಿಡಿಸುವುದೇ ಸೈ ಎಂದು ಹುಸೇನಬಿ ಹೇಳಿದ ದಿನ ಉಜ್ವಲಾಬಾಯಿಯವರು ನೀರಿನ ಹೊತ್ತು ಬದಲಿಸಲೇಬೇಕೆಂದು ನಿರ್ಧರಿಸಿದರು.

ಬೆಳಗಿನ ಆರರ ನೀರು ಸದಸ್ಯ ವಿರುಪಾಕ್ಷಪ್ಪನವರ ವಾರ್ಡಿಗೆ ಹೋಗುತ್ತಿತ್ತು. ಎರಡು ಸಭೆಗಳಲ್ಲಿ ಕೇಳಿಕೊಂಡರೂ ಅವರು ಹೊತ್ತು ಬದಲಿಸಲು ಒಪ್ಪಲಿಲ್ಲ. ಮೂರನೆಯ ಸಭೆಯಲ್ಲಿ, ನಿಮ್ಮ ಓಣಿಗೆ ಮಂಜೂರಾದ ಡಾಂಬರು ರಸ್ತೆಯನ್ನು ನಮಗೆ ಬಿಟ್ಟುಕೊಟ್ಟರೆ ವಿಚಾರ ಮಾಡಬಹುದು ಎಂದರು. ರಸ್ತೆ ಎಂದರೆ ಕಣ್ಣಿಗೆ ಕಾಣುವ ಕೆಲಸ, ಓಟು ತರುವ ಕೆಲಸ. ಅದನ್ನು ಬಿಟ್ಟರೆ ಮುಂದಿನ ಚುನಾವಣೆಯನ್ನೇ ಬಿಟ್ಟಂತೆ ಎಂಬುದು ಉಜ್ವಲಾಬಾಯಿಯವರಿಗೆ ಗೊತ್ತಿತ್ತು. ಆದರೂ ಎದ್ದು ನಿಂತು ಹೇಳಿದರು: "ರಸ್ತಾ ನೀವ ತಗೊಳ್ರಿ. ಆರರ ನೀರ ನಮ್ಮ ಹೆಸರಿಗೆ ಬರೀರಿ."

ನೀರು ಬಂತು. ಮುಬೀನಾ ಮತ್ತೆ ಪಾಟಿಚೀಲ ಹೆಗಲಿಗೇರಿಸಿದಳು. ಆದರೆ ಮಳೆಗಾಲದಲ್ಲಿ ಓಣಿ ಕೆಸರಾಗಿ, ಬೀಡಿ ಬುಟ್ಟಿ ಹೊತ್ತವರು ಜಾರಿ ಬಿದ್ದರು. "ಬಾಯಿ, ನಮ್ಮನ್ನ ಒಂದ ಮಾತ ಕೇಳಬೇಕಿತ್ರಿ," ಎಂದು ಹುಸೇನಬಿಯವರೇ ಅಂದಾಗ, ತಪ್ಪಾಯಿತೆಂದು ಉಜ್ವಲಾಬಾಯಿ ಒಪ್ಪಿಕೊಂಡರು. ಮುಂದೆ ಬಂದ ಚುನಾವಣೆಯಲ್ಲಿ ಹದಿನಾಲ್ಕು ಓಟಿನಿಂದ ಸೋತರು.

ಸೋತರೂ ಮನೆ ಸೇರಿ ಕೂಡಲಿಲ್ಲ. ಪುರಸಭೆಯಲ್ಲಿ ಏನೇ ನಡೆದರೂ ತಿಳಿದುಕೊಂಡು ಬಂದು, ಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿ, ನಿಮ್ಮ ವಿಚಾರ ಏನು ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು. ಐದು ವರ್ಷದ ನಂತರ ಮಹಿಳಾ ಮೀಸಲು ಹೋಗಿ ವಾರ್ಡು ಸಾಮಾನ್ಯ ಸ್ಥಾನವಾಯಿತು. ಗಂಡಸರ ಸೀಟಿಗೆ ಹೆಣ್ಣು ಯಾಕೆ ಎಂದು ಪಕ್ಷದವರು ಟಿಕೀಟು ಕೊಡಲಿಲ್ಲ. ಪಕ್ಷೇತರರಾಗಿ ನಿಂತ ಅವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರು ಹುಸೇನಬಿ. ನಾಲ್ವರು ಗಂಡಸರನ್ನು ಸೋಲಿಸಿ, ಆ ವಾರ್ಡಿನ ಸಾಮಾನ್ಯ ಸ್ಥಾನದಲ್ಲಿ ಗೆದ್ದ ಮೊದಲ ಹೆಣ್ಣುಮಗಳೆನಿಸಿದರು. ಮರುವರ್ಷ ರಸ್ತೆಯೂ ಆಯಿತು. ಮುಂದೆ ಎರಡು ಸಲ ಓಣಿ ಅವರನ್ನೇ ಆರಿಸಿತು.

ಈಗಲೂ ಸೋಮವಾರಕ್ಕೊಮ್ಮೆ ಅವರು ಬಸ್ಸು ಹಿಡಿದು ಚಿಕ್ಕೋಡಿಯ ಪಿಂಚಣಿ ಕಚೇರಿಗೆ ಹೋಗುತ್ತಾರೆ. ಬೀಡಿ ಕಟ್ಟಿ ಮುದುಕಿಯರಾದವರ ಹೆಸರು ಒಂದು ಕಾಗದದಲ್ಲಿ ಮರಾಠಿಯಂತೆ, ಇನ್ನೊಂದರಲ್ಲಿ ಕನ್ನಡದಂತೆ ಬಿದ್ದು ಪಿಂಚಣಿ ನಿಂತಿರುತ್ತದೆ. ಅದನ್ನು ಕೂತು ತಿದ್ದಿಸುತ್ತಾರೆ. ನಿವೃತ್ತಿಯ ಮೇಲೂ ಇದೆಲ್ಲ ಯಾಕೆ ಎಂದು ಗುಮಾಸ್ತರೊಬ್ಬರು ಕೇಳಿದ್ದಕ್ಕೆ, "ನನ್ನ ಮೆಂಬರಕಿ ಮುಗದೈತ್ರಿ, ಇವರ ಹೆಸರ ಇನ್ನೂ ಸರಿ ಆಗಿಲ್ಲ," ಎಂದರಂತೆ. ಅಂಥ ಹೆಸರುಗಳು ಇನ್ನೂ ಬಹಳ ಉಳಿದಿವೆ. ಅವನ್ನೆಲ್ಲ ತಿದ್ದಿಸುವಷ್ಟು ಆಯುಷ್ಯವೂ ಬಸ್ಸಿನ ಮೆಟ್ಟಿಲು ಹತ್ತುವಷ್ಟು ಕಾಲಿನ ಬಲವೂ ಅವರಿಗಿರಲಿ.